ಮಂಗಳವಾರದ ಹಾಲು

ಅಕ್ಷರ ಬರೆಯುವುದರಲ್ಲಿ ಪೇಂಟರ್‌ನದು ಎತ್ತಿದ ಕೈ. ಚಿತ್ರ ಬಿಡಿಸು ಎಂದರೆ ಮಾತ್ರ ಅದೇ ಕೈ ನಡುಗುತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಊರಿನ ಮುಕ್ಕಾಲು ಪಾಲು ಗೋಡೆಗಳ ಮೇಲೆ ‘ಇಲ್ಲಿ ಉಗುಳಬಾರದು’, ‘ವಾಹನ ನಿಲ್ಲಿಸಬೇಡಿ’, ‘ನಾಯಿ ಇದೆ’ ಎಂದು ಬರೆದಿದ್ದ. ಜನ ಓದುತ್ತಿದ್ದರು, ಉಗುಳುತ್ತಿದ್ದರು, ಮುಂದೆ ಹೋಗುತ್ತಿದ್ದರು. ಅವನು ಬರೆದದ್ದನ್ನು ನಿಂತು ನೋಡಿದವರು ಯಾರೂ ಇರಲಿಲ್ಲ.

ಹಾಗಾಗಿ ಆಸ್ಪತ್ರೆಯ ಸೂಪರಿಂಟೆಂಡೆಂಟರು ಹೊರರೋಗಿಗಳ ಓಣಿಗೆ ಕರೆದುಕೊಂಡು ಹೋಗಿ ಹನ್ನೆರಡು ಅಡಿ ಉದ್ದದ ಖಾಲಿ ಗೋಡೆ ತೋರಿಸಿದಾಗ ಅವನು ತಲೆ ಕೆರೆದುಕೊಂಡ.

“ಮಧ್ಯದಲ್ಲಿ ಒಂದು ತಟ್ಟೆ. ಅರ್ಧ ಭಾಗ ಹಣ್ಣು ತರಕಾರಿ, ಕಾಲು ಭಾಗ ಧಾನ್ಯ, ಕಾಲು ಭಾಗ ಕಾಳು. ಪಕ್ಕದಲ್ಲಿ ಒಂದು ಲೋಟ ಹಾಲು. ಮೇಲೆ ‘ಆರೋಗ್ಯಕರ ಆಹಾರ’ ಅಂತ ದಪ್ಪಕ್ಷರ. ಅಷ್ಟೇ,” ಎಂದರು ಸೂಪರಿಂಟೆಂಡೆಂಟರು.

“ಸಾರ್, ನನಗೆ ಚಿತ್ರ ಅಷ್ಟಾಗಿ ಬರಲ್ಲ.”

“ತಟ್ಟೆ ಅಂದ್ರೆ ಏನಪ್ಪಾ, ಸೊನ್ನೆ ತಾನೆ? ಸೊನ್ನೆ ಬರೆಯೋಕೆ ಬರಲ್ವಾ?”

ಸೊನ್ನೆ ಬರುತ್ತಿತ್ತು. ಅವನು ಗೋಡೆಗೆ ಮರಳು ಕಾಗದ ತಿಕ್ಕಿದ, ಬಿರುಕುಗಳಿಗೆ ಪುಟ್ಟಿ ತುಂಬಿದ, ಚಾಕ್ ಹಚ್ಚಿದ ದಾರ ಎಳೆದು ಗೆರೆ ಹೊಡೆದ. ದಪ್ಪಕ್ಷರಗಳು ಒಂದೇ ದಿನದಲ್ಲಿ ಮುಗಿದವು. ತಟ್ಟೆ ಸೊನ್ನೆಯಂತೆಯೇ ಬಂತು. ಅದರೊಳಗಿನ ಪದಾರ್ಥಗಳು ಮಾತ್ರ ಯಾವ ಹೊಲದಲ್ಲೂ ಬೆಳೆಯದ ಜಾತಿಯವಾದವು. ಕ್ಯಾರೆಟ್ ಬೆರಳಿನ ಹಾಗಿತ್ತು, ಬಟಾಣಿ ಅಂಗಿಯ ಗುಂಡಿಗಳ ಹಾಗಿತ್ತು. ಕೊನೆಗೆ, ಮೂರನೆಯ ದಿನ ಮಧ್ಯಾಹ್ನ, ಇದೊಂದು ಮುಗಿದರೆ ಸಾಕಪ್ಪಾ ಎಂದುಕೊಂಡು ಲೋಟಕ್ಕೆ ಕೈ ಹಾಕಿದ.

ಆಗ ಏನಾಯಿತೋ ಅವನಿಗೇ ತಿಳಿಯಲಿಲ್ಲ. ಕೈ ನಡುಗಲಿಲ್ಲ. ಬಿಳಿಗೆ ಒಂದು ಹನಿ ನೀಲಿ ಬೆರೆಸಿದ, ಅಂಚಿಗೆ ತೆಳ್ಳಗೆ ಬೂದು ಎಳೆದ, ಮೇಲೆ ನಾಲ್ಕು ಗುಳ್ಳೆ ಇಟ್ಟ. ಹಿಂದೆ ಸರಿದು ನೋಡಿದರೆ ಗೋಡೆಯ ಮೇಲೆ ಒಂದು ಲೋಟ ಹಾಲು ಇತ್ತು. ಈಗಷ್ಟೇ ಯಾರೋ ತಂದಿಟ್ಟು ಹೋದ ಹಾಗೆ ಅದರಲ್ಲಿ ಇನ್ನೂ ಬಿಸಿಯಿತ್ತು. ಬೆಂಚಿನ ಮೇಲೆ ಕೂತಿದ್ದ ಮುದುಕಿಯೊಬ್ಬಳು ಅದನ್ನೇ ನೋಡುತ್ತಾ ಸೆರಗಿನಿಂದ ತುಟಿ ಒರೆಸಿಕೊಂಡಳು. ತಾಯಿಯ ಸೊಂಟದ ಮೇಲಿದ್ದ ಕೂಸು ಕೈ ಚಾಚಿ ಅತ್ತಿತು. ಪೇಂಟರ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಿಜವಾಗಿ ಹಾಲು ಕುಡಿದರೆ ಅವನಿಗೆ ಹೊಟ್ಟೆ ಉಬ್ಬರಿಸುತ್ತಿತ್ತು, ಆ ಮಾತು ಬೇರೆ.

ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದಳು. ಗಂಡ ತನ್ನ ಕೆಲಸದ ಬಗ್ಗೆ ಎರಡು ವಾಕ್ಯಕ್ಕಿಂತ ಹೆಚ್ಚು ಮಾತಾಡಿದ್ದನ್ನು ಅವಳು ಅಂದೇ ಕೇಳಿದ್ದು.

“ಅಷ್ಟು ಚೆನ್ನಾಗಿದೆಯಾ?” ಎಂದಳು.

“ಬಂದು ನೋಡು.”

“ರಜೆ ಸಿಕ್ಕಲಿ ರೀ, ಬರ್ತೀನಿ.”

ಮರುದಿನ ಬೆಳಗ್ಗೆ ಅವನು ಬ್ರಷ್‌ಗಳನ್ನು ತೆಗೆದುಕೊಂಡು ಹೋಗಲು ಬಂದಾಗ ಗೋಡೆಯ ಮುಂದೆ ಹೊಟ್ಟೆ ಡಾಕ್ಟರು ನಿಂತಿದ್ದರು. ಸಣಕಲು ಮನುಷ್ಯ. ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಅಪರಾಧ ನಡೆದ ಜಾಗ ನೋಡುವವರ ಹಾಗೆ ನೋಡುತ್ತಿದ್ದರು.

“ಈ ಹಾಲು ಯಾರು ಹಾಕಿದ್ದು?”

“ನಾನೇ ಸಾರ್.”

“ಯಾವ ಆಧಾರದ ಮೇಲೆ?”

ಪೇಂಟರ್ ಗೋಡೆ ತೋರಿಸಿದ. ಆಧಾರವೆಂದರೆ ಅವನಿಗೆ ಅದೇ.

“ನೋಡಪ್ಪಾ, ದೊಡ್ಡವರಾದ ಮೇಲೆ ಎಷ್ಟೋ ಜನಕ್ಕೆ ಹಾಲು ಅರಗಲ್ಲ. ಹೊಟ್ಟೆ ಗುಡುಗುಡು ಅನ್ನುತ್ತೆ, ಉಬ್ಬುತ್ತೆ, ಓಡಬೇಕಾಗುತ್ತೆ. ಅಂಥವರೇ ನನ್ನ ಹತ್ತಿರ ಬರೋದು. ನಾನು ಒಳಗೆ ಕೂತು ‘ಹಾಲು ಬಿಡಿ’ ಅಂತ ಹೇಳ್ತೀನಿ. ಅವರು ಹೊರಗೆ ಬಂದರೆ ಗೋಡೆ ‘ಕುಡಿ’ ಅನ್ನುತ್ತೆ. ಜನ ಯಾರ ಮಾತು ಕೇಳ್ತಾರೆ? ಗೋಡೆ ಮಾತೇ ಕೇಳ್ತಾರೆ! ಅಳಿಸು.”

ಸೂಪರಿಂಟೆಂಡೆಂಟರು ಯಾರ ಜೊತೆಯೂ ಜಗಳ ಆಡದೆ ನಿವೃತ್ತಿಯವರೆಗೆ ತಲುಪಬೇಕೆಂಬ ಒಂದೇ ಆಸೆಯ ಮನುಷ್ಯ. ಅವರೂ “ಅಳಿಸು” ಎಂದರು. ಪೇಂಟರ್ ಗೋಡೆಯ ಬಣ್ಣವನ್ನೇ ಕಲಸಿ, ಕಣ್ಣು ಮುಚ್ಚಿದಂತೆ ಮಾಡಿ, ಲೋಟದ ಮೇಲೆ ಎಳೆದುಬಿಟ್ಟ. ಆ ಬಣ್ಣದ ಡಬ್ಬಿಯ ಮೇಲೆ ‘ಕೆನೆ’ ಎಂದು ಬರೆದಿತ್ತು. ಅದನ್ನು ಹೊಟ್ಟೆ ಡಾಕ್ಟರಿಗೆ ಯಾರೂ ಹೇಳಲಿಲ್ಲ.

ಮಾರನೆಯ ದಿನ ಮೂಳೆ ಡಾಕ್ಟರಮ್ಮ ಬಂದರು. ಮುರಿದದ್ದನ್ನು ಎಳೆದು ಕೂರಿಸಿ ಅಭ್ಯಾಸವಾದ ಗಟ್ಟಿ ಕೈಗಳು ಅವರವು. ಮಾತೂ ಹಾಗೆಯೇ.

“ನನ್ನ ಹಾಲೆಲ್ಲಿ?” ಎಂದು ಓಣಿ ನಡುಗುವಂತೆ ಕೇಳಿದರು. “ಬೆಳಗ್ಗೆಯಿಂದ ಸಾಯಂಕಾಲದವರೆಗೆ ಎಂಟು ಸೊಂಟ, ಹದಿನಾರು ಮಂಡಿ ನೋಡ್ತೀನಿ. ಎಲ್ಲ ಒಣಗಿದ ಕಡ್ಡಿಗಳು! ಒಂದು ಲೋಟ ಹಾಲು ಗೋಡೆ ಮೇಲಿದ್ರೆ ಯಾರಪ್ಪನ ಮನೆ ಗಂಟು ಹೋಗುತ್ತೆ?”

ಸೂಪರಿಂಟೆಂಡೆಂಟರು “ಬರಿ” ಎಂದರು. ಪೇಂಟರ್ ಬರೆದ. ಎರಡು ದಿನದ ನಂತರ “ಅಳಿಸು” ಎಂದರು. ಅಳಿಸಿದ. ಹೀಗೆ ಮೂರು ಸುತ್ತು ಆದ ಮೇಲೆ ಸೂಪರಿಂಟೆಂಡೆಂಟರಿಗೆ ಒಂದು ಉಪಾಯ ಹೊಳೆಯಿತು. ಮೂಳೆ ವಿಭಾಗ ಸೋಮವಾರ, ಬುಧವಾರ, ಶುಕ್ರವಾರ. ಹೊಟ್ಟೆ ವಿಭಾಗ ಮಂಗಳವಾರ, ಗುರುವಾರ, ಶನಿವಾರ. ಮೂಳೆಯ ದಿನ ಹಾಲು ಇರಲಿ, ಹೊಟ್ಟೆಯ ದಿನ ಬೇಡ. ಅವರು ಇದನ್ನು ಟೈಪ್ ಮಾಡಿಸಿ, ಸಹಿ ಹಾಕಿ, ಮೊಹರು ಒತ್ತಿಸಿದರು. ಪೇಂಟರ್‌ಗೆ ಭಾನುವಾರ ಬಿಟ್ಟು ಪ್ರತಿದಿನ ಬೆಳಗ್ಗೆ ಏಳಕ್ಕೆ ಆಸ್ಪತ್ರೆಯಲ್ಲಿ ಖಾಯಂ ಕೆಲಸವಾಯಿತು.

ಒಂದು ದಿನ ಬರೆಯುವುದು, ಮರುದಿನ ಅಳಿಸುವುದು. ಬರೆಯುವ ದಿನ ಅವನು ಹಾಡು ಗುನುಗುತ್ತಾ ಬರುತ್ತಿದ್ದ, ಅಳಿಸುವ ದಿನ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬಣ್ಣ ಒಣಗುವ ಮೊದಲೇ ರೋಗಿಗಳು ಬಂದು ಒರಗಿ ನಿಲ್ಲುತ್ತಿದ್ದುದರಿಂದ ಊರಿನಲ್ಲಿ ಅರ್ಧ ಜನರ ತೋಳಿನ ಮೇಲೆ ಹಾಲಿನ ಕಲೆ ಕಾಣಿಸತೊಡಗಿತು.

ಅವನ ಬೀದಿಯವರು ಅವನನ್ನು ಈ ವಿಷಯದಲ್ಲಿ ತಜ್ಞನೆಂದೇ ತೀರ್ಮಾನಿಸಿದರು. ಬೆಳಗ್ಗೆ ಅವನು ಬಾಗಿಲು ತೆಗೆಯುತ್ತಿದ್ದಂತೆ ಎದುರು ಮನೆಯ ಟೈಲರ್ ಕೂಗುತ್ತಿದ್ದ: “ಏನಣ್ಣಾ, ಇವತ್ತು ಉಂಟೋ ಇಲ್ವೋ?”

“ಇವತ್ತು ಗುರುವಾರ, ಇಲ್ಲ.”

“ಸರಿ ಹಾಗಾದ್ರೆ,” ಎಂದು ಟೈಲರ್ ಕೈಯಲ್ಲಿದ್ದ ಲೋಟದ ಚಹಾವನ್ನು ಗಿಡದ ಬುಡಕ್ಕೆ ಚೆಲ್ಲುತ್ತಿದ್ದ. ಆಸ್ಪತ್ರೆಯವರು ದಿನ ಬಿಟ್ಟು ದಿನ ಹಾಲು ಬರೆಸುತ್ತಾರೆಂದರೆ ಅದರಲ್ಲೇನೋ ದೊಡ್ಡ ಶಾಸ್ತ್ರ ಇರಲೇಬೇಕು ಎಂದು ಎಲ್ಲರೂ ನಂಬಿದ್ದರು. ಮಂಗಳವಾರ ಹಾಲು ಕೊಳ್ಳುವವರಿಲ್ಲದೆ ಹಾಲು ಮಾರುವ ಹೆಂಗಸು ಒಂದು ದಿನ ಕ್ಯಾನ್ ಸಮೇತ ಪೇಂಟರ್‌ನ ಮನೆಗೆ ಬಂದಳು.

“ಏನಪ್ಪಾ, ನಿಂಗೆ ನಾನೇನು ಅನ್ಯಾಯ ಮಾಡಿದ್ದೆ? ನನ್ನ ಎಮ್ಮೆಗೆ ವಾರ ಗೊತ್ತಾಗುತ್ತಾ? ಮಂಗಳವಾರ ಕೆಚ್ಚಲು ಮುಚ್ಚಿಕೊ ಅಂತ ನೀನೇ ಬಂದು ಹೇಳು!”

ಪೇಂಟರ್ ಒಳಗಿಂದ ಪಾತ್ರೆ ತಂದು ಹಿಡಿದ. ಅಂದು ಅವಳ ಹತ್ತಿರ ಒಂದು ಲೀಟರ್ ಹೆಚ್ಚಿಗೆ ಕೊಂಡ. ಅವನ ಹೆಂಡತಿ ಅದನ್ನು ಕುಡಿದಳು.

ಮೂಳೆಯ ದಿನಗಳಲ್ಲಿ ಡಾಕ್ಟರಮ್ಮ ಮೊದಲ ರೋಗಿ ಬರುವ ಮುಂಚೆ ಗೋಡೆಯ ಬಳಿ ಬಂದು ನಿಲ್ಲುತ್ತಿದ್ದರು. ಹಾಗೊಂದು ಬುಧವಾರ ಅವನು ಗುಳ್ಳೆಗಳನ್ನು ಇಡುತ್ತಿದ್ದಾಗ ಅವರು ತಟ್ಟನೆ ಹೇಳಿದರು: “ನನಗೆ ಹಾಲು ಆಗಲ್ಲಪ್ಪ.”

ಪೇಂಟರ್ ಬ್ರಷ್ ತಡೆದ.

“ಒಂಬತ್ತನೇ ವಯಸ್ಸಿಂದ. ಒಂದು ಗುಟುಕು ಒಳಗೆ ಹೋದರೆ ಆ ದಿನ ಮುಗೀತು. ಎಳ್ಳು ತಿಂತೀನಿ, ಸೊಪ್ಪು ತಿಂತೀನಿ, ಸಾಯಂಕಾಲ ನಡೀತೀನಿ. ನೋಡು, ಗಟ್ಟಿಯಾಗೇ ಇದ್ದೀನಿ.” ಅವರು ಮುಷ್ಟಿ ಬಿಗಿದು ತೋರಿಸಿದರು. “ಯಾರಿಗೂ ಹೇಳಬೇಡ.”

ಅವನು ಯಾರಿಗೂ ಹೇಳಲಿಲ್ಲ. ಹೊಟ್ಟೆ ಡಾಕ್ಟರು ಮಧ್ಯಾಹ್ನ ಊಟದ ಡಬ್ಬಿ ತೆರೆದು ದೊಡ್ಡ ಬಟ್ಟಲಿನ ತುಂಬ ಮೊಸರು ತಿನ್ನುವುದನ್ನೂ ಅವನು ಕಂಡಿದ್ದ. ಅದನ್ನೂ ಹೇಳಲಿಲ್ಲ. ಒಮ್ಮೆ ಅವನ ಕಣ್ಣು ಆ ಬಟ್ಟಲಿನ ಮೇಲೆ ಬಿದ್ದಾಗ ಅವರೇ ಮುಖ ಗಂಟಿಕ್ಕಿಕೊಂಡು, “ಹುಳಿಯಾದ ಮೇಲೆ ಅದು ಅರ್ಧ ಅರಗಿದ ಹಾಗೆ. ಮೊಸರು ಹಾಲಲ್ಲ, ಬೇರೆ ಇಲಾಖೆ,” ಎಂದಿದ್ದರು.

ಮೂರು ತಿಂಗಳು ಹೀಗೇ ಕಳೆಯಿತು. ಬಣ್ಣದ ಮೇಲೆ ಬಣ್ಣ ಕೂತು ಲೋಟ ಗೋಡೆಯಿಂದ ಸೋಪಿನ ಬಿಲ್ಲೆಯಷ್ಟು ಮುಂದಕ್ಕೆ ಬಂತು. ಹಾಲು ಇಲ್ಲದ ದಿನ ಅಲ್ಲಿ ಗೋಡೆಗೆ ಬಾವು ಬಂದಂತೆ ಕಾಣುತ್ತಿತ್ತು. ಯಾರೋ ಅದಕ್ಕೆ ಕೈಚೀಲ ನೇತುಹಾಕಲು ನೋಡಿದರು. ಕೊನೆಗೆ ಒಬ್ಬ ಅಂಚೆಯವನು ಅವಸರದಲ್ಲಿ ಹೋಗುವಾಗ ಮೊಣಕೈ ಬಡಿದುಕೊಂಡು ಎಲುಬು ಬಿರುಕು ಬಿಡಿಸಿಕೊಂಡ. ಮೂಳೆ ವಿಭಾಗದ ನರ್ಸ್ ಅವನನ್ನು “ಏನು ತಾಗಿದ್ದು?” ಎಂದು ಕೇಳಿ, ಅವನು ಹೇಳಿದ್ದನ್ನೇ ರಿಜಿಸ್ಟರಿನಲ್ಲಿ ಬರೆದಳು: ‘ಗಾಯಕ್ಕೆ ಕಾರಣ: ಹಾಲು.’

ಹೊಟ್ಟೆ ಡಾಕ್ಟರು ಆ ಪುಟದ ನಕಲು ಮಾಡಿಸಿ ತಮ್ಮ ಕೋಣೆಯ ಬಾಗಿಲಿಗೆ ಅಂಟಿಸಿದರು. ಮೂಳೆ ಡಾಕ್ಟರಮ್ಮ ಅದನ್ನು ಕಿತ್ತು ಹಾಕಿದರು. ಇಬ್ಬರೂ ಮಾತು ಬಿಟ್ಟರು. ಮೊದಲೂ ಅಷ್ಟೇನೂ ಮಾತಾಡುತ್ತಿರಲಿಲ್ಲ. ಆದರೆ ಈಗ ಮಾತು ಬಿಟ್ಟಿದ್ದಾರೆಂದು ಎಲ್ಲರಿಗೂ ಗೊತ್ತಾಯಿತು.

ಅದೇ ವಾರ ಬಟ್ಟೆ ಕಾರ್ಖಾನೆಯ ಹೊಲಿಗೆ ಯಂತ್ರಗಳ ರಿಪೇರಿಗೆಂದು ಒಂದು ದಿನ ರಜೆ ಕೊಟ್ಟರು. ಮಂಗಳವಾರ.

“ನಾಳೆ ಬರ್ತೀನಿ ನಿಮ್ಮ ಹಾಲು ನೋಡೋಕೆ,” ಎಂದಳು ಹೆಂಡತಿ.

“ನಾಳೆ ಇರಲ್ಲ ಕಣೇ. ನಾಡಿದ್ದು ಬಾ.”

“ನಾಡಿದ್ದು ಯಾರು ಬಿಡ್ತಾರೆ? ಮೂರು ತಿಂಗಳಿಂದ ಇದೇ ಆಯ್ತು, ಭಾನುವಾರ ಬರೋಣ ಅಂದ್ರೆ ಓಣಿಗೆ ಬೀಗ. ಬೇಡ ಬಿಡಿ, ಗೋಡೆಯಾದ್ರೂ ನೋಡ್ತೀನಿ.”

ಮರುದಿನ ಏಳಕ್ಕೆ ಪೇಂಟರ್ ಓಣಿಗೆ ಬಂದಾಗ ಹಿಂದಿನ ದಿನದ ಹಾಲು ಗೋಡೆಯ ಮೇಲಿತ್ತು. ಅಳಿಸಲೆಂದು ಡಬ್ಬಿ ತೆಗೆದ. ಬ್ರಷ್ ಅದ್ದಿದ. ಹೆಂಡತಿ ‘ಗೋಡೆಯಾದ್ರೂ’ ಎಂದದ್ದು ನೆನಪಾಯಿತು. ಬ್ರಷ್ ಒರೆಸಿ ಇಟ್ಟ. ಅಷ್ಟೇ ಅಲ್ಲ, ಬಿಳಿ ಬಣ್ಣ ತೆಗೆದು ಅಂಚನ್ನು ಇನ್ನೊಮ್ಮೆ ತಿದ್ದಿದ, ಲೋಟದ ಒಂದು ಬದಿಗೆ ಕಿಟಕಿಯ ಬೆಳಕು ಬಿದ್ದಂತೆ ಸಣ್ಣ ಹೊಳಪು ಕೊಟ್ಟ, ಐದನೆಯದೊಂದು ಗುಳ್ಳೆ ಇಟ್ಟ. ಆಮೇಲೆ ಮೆಟ್ಟಿಲ ಮೇಲೆ ಹೋಗಿ ಕೂತ.

ಹೆಂಡತಿ ಬಂದದ್ದು ಹತ್ತು ಗಂಟೆಗೆ. ಅಷ್ಟರಲ್ಲಿ ಹೊಟ್ಟೆಯ ರೋಗಿಗಳು ಅರವತ್ತು ಜನ ಬೆಂಚುಗಳ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮಂಗಳವಾರ ಹಾಲು! ಶಾಸ್ತ್ರ ಬದಲಾಯಿತೇ? ಅವರಲ್ಲಿ ಬ್ಯಾಂಕಿನ ಗುಮಾಸ್ತನೊಬ್ಬ ಆರು ವರ್ಷದಿಂದ ಹಾಲಿನ ಆಸೆ ಕಟ್ಟಿಕೊಂಡು ಬದುಕಿದ್ದವನು. ಅವನು ಎದ್ದು ಸೀದಾ ಕ್ಯಾಂಟೀನಿಗೆ ಹೋಗಿ, ಗೋಡೆಯ ಮೇಲೆ ಭಾರ ಹಾಕಿ, ಎರಡು ಲೋಟ ಕುಡಿದುಬಿಟ್ಟ.

ಹೆಂಡತಿ ಆ ಗದ್ದಲ ಗಮನಿಸಲಿಲ್ಲ. ಗೋಡೆಯ ಮುಂದೆ ನಿಂತಳು. ಬಹಳ ಹೊತ್ತು ನಿಂತಳು.

“ರೀ,” ಎಂದಳು ಕೊನೆಗೆ, “ಇದು ನೀವು ಮಾಡಿದ್ದಾ?”

ಅವನು ತಲೆಯಾಡಿಸಿದ.

“ಮುಟ್ಟಲಾ?”

“ಹಸಿ ಇದೆ. ಬಲಗಡೆ ಅಂಚು ಒಣಗಿದೆ, ಅಲ್ಲಿ ಮುಟ್ಟು.”

ಅವಳು ಮುಟ್ಟಿ, ಬೆರಳು ಬಿಸಿಯಾದವಳಂತೆ ಕೈ ಎಳೆದುಕೊಂಡು ನಕ್ಕಳು. ಆ ಹೊತ್ತಿಗೆ ಸರಿಯಾಗಿ ಗುಮಾಸ್ತ ಹೊಟ್ಟೆ ಹಿಡಿದುಕೊಂಡು ಓಣಿಯಲ್ಲಿ ಓಡಿದ. ಅವನ ಹಿಂದೆ ಹೊಟ್ಟೆ ಡಾಕ್ಟರು ಹೊರಗೆ ಬಂದರು. ಗೋಡೆ ನೋಡಿದರು. ಸೀದಾ ಸೂಪರಿಂಟೆಂಡೆಂಟರ ಕೋಣೆಯತ್ತ ನಡೆದರು.

ಹನ್ನೊಂದು ಗಂಟೆಗೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ ವಿಚಾರಣೆ. ಹೊಟ್ಟೆ ಡಾಕ್ಟರು ಒಂದು ಕಡೆ, ತಮ್ಮ ವಿಭಾಗದ ದಿನವಲ್ಲದಿದ್ದರೂ ವಾರ್ಡಿನಿಂದ ಕರೆಸಿದ ಮೂಳೆ ಡಾಕ್ಟರಮ್ಮ ಇನ್ನೊಂದು ಕಡೆ. ಬಾಗಿಲ ಬಳಿ ಪೇಂಟರ್. ಕರೆಯದಿದ್ದರೂ ಬಂದ ಅವನ ಹೆಂಡತಿ ಅವನ ಪಕ್ಕ.

“ಮಂಗಳವಾರ ಹಾಲು ಬಿಟ್ಟದ್ದು ಯಾಕೆ?” ಎಂದರು ಸೂಪರಿಂಟೆಂಡೆಂಟರು. “ಇವರು ಹೇಳಿಕೊಟ್ರಾ?” ಎಂದು ಮೂಳೆ ಡಾಕ್ಟರಮ್ಮನತ್ತ ಕಣ್ಣು ಹಾಯಿಸಿದರು.

“ನಾನ್ಯಾಕೆ ಹೇಳಿಕೊಡಲಿ?” ಎಂದು ಅವರು ಮೇಜು ಗುದ್ದಿದರು. ಮೇಜಿನ ಮೇಲಿದ್ದ ಪೆನ್ನುಗಳು ಎದ್ದು ಕೂತವು.

ಪೇಂಟರ್ ಕೈಗಂಟಿದ ಬಿಳಿ ಬಣ್ಣ ಉಜ್ಜಿಕೊಳ್ಳುತ್ತಾ ನಿಂತ. ಹೆಂಡತಿಯೇ ಮುಂದೆ ಬಂದಳು.

“ನನಗೋಸ್ಕರ ಬಿಟ್ಟಿದ್ದು ಸಾರ್. ಇಪ್ಪತ್ತೆರಡು ವರ್ಷ ಇವರು ಬರೆದಿದ್ದೆಲ್ಲ ‘ಬೇಡ’, ‘ಬಾರದು’, ‘ಎಚ್ಚರಿಕೆ’. ಒಂದು ಸಲ, ಒಂದೇ ಒಂದು ಸಲ ನೋಡೋ ಹಾಗಿರೋದು ಮಾಡಿದ್ರು. ನನಗೆ ರಜೆ ಇದ್ದಿದ್ದು ಇವತ್ತೇ. ತಪ್ಪಾಯ್ತು ಅಂತೀರಾ, ಆಗಲಿ.”

“ನೀನು ಹಾಲು ಕುಡೀತೀಯೇನಮ್ಮಾ?” ಎಂದು ಹೊಟ್ಟೆ ಡಾಕ್ಟರು ಕೇಳಿದರು.

“ದಿನಾ ಕುಡೀತೀನಿ, ನನಗೆ ಏನೂ ಆಗಲ್ಲ. ಇವರಿಗೆ ಆಗಲ್ಲ, ಇವರು ಮುಟ್ಟಲ್ಲ. ನಮ್ಮಮ್ಮ ಮೊಸರು ಅಂದ್ರೆ ಪ್ರಾಣ ಬಿಡ್ತಾರೆ, ಹಾಲು ಬೇಡ ಅಂತಾರೆ. ಮೂರೂ ಜನಕ್ಕೆ ಒಂದೇ ಅಡುಗೆಮನೆ ಸಾರ್. ಇಷ್ಟು ವರ್ಷದಲ್ಲಿ ನಾವು ಯಾವ ಗೋಡೇನೂ ಅಳಿಸಿಲ್ಲ.”

ಮೂಳೆ ಡಾಕ್ಟರಮ್ಮ ಗಂಟಲು ಸರಿಮಾಡಿಕೊಂಡರು. “ನನಗೂ ಹಾಲು ಆಗಲ್ಲ,” ಎಂದರು, ಗೋಡೆ ಗಡಿಯಾರ ನೋಡುತ್ತಾ.

ಹೊಟ್ಟೆ ಡಾಕ್ಟರು ತಿರುಗಿ ಅವರನ್ನೇ ನೋಡಿದರು. ಮೂರು ತಿಂಗಳಲ್ಲಿ ಮೊದಲ ಬಾರಿ ಅವರ ಮುಖದಲ್ಲಿ ವೈದ್ಯರ ಕಾಳಜಿ ಕಾಣಿಸಿತು. “ಎಷ್ಟು ವರ್ಷದಿಂದ? ಹೊಟ್ಟೆ ಉಬ್ಬುತ್ತಾ, ಅಥವಾ ನೇರವಾಗಿ... ನನ್ನ ಹತ್ತಿರ ಯಾಕೆ ಬರಲಿಲ್ಲ?”

“ನಿಮ್ಮ ಹತ್ತಿರವಾ?”

“ಸ್ವಲ್ಪ ಮೊಸರು ತಿಂದು ನೋಡಿದ್ದೀರಾ? ಊಟದ ಜೊತೆ, ಎರಡೇ ಚಮಚ?”

“ಇಲ್ಲ,” ಎಂದರು ಡಾಕ್ಟರಮ್ಮ, ಶಾಲೆಯ ಹುಡುಗಿಯ ಹಾಗೆ.

ಸೂಪರಿಂಟೆಂಡೆಂಟರು ಈ ಅವಕಾಶ ಬಿಡಲಿಲ್ಲ. ಹಾಲು ಇರಲಿ, ಅದರ ಪಕ್ಕ ಒಂದು ವಾಕ್ಯ ಬರೆಸೋಣ, ಇಬ್ಬರೂ ಸೇರಿ ಹೇಳಿ ಎಂದು ಕಾಗದ ಮುಂದಿಟ್ಟರು. ‘ಹಾಲು ಆಗಿಬರುವವರು ಕುಡಿಯಬಹುದು’ ಎಂದು ಶುರುವಾಯಿತು. ‘ಆಗಿಬರದವರು ಮೊಸರು ತಿಂದು ನೋಡಬಹುದು’ ಎಂದು ಸೇರಿಸಿದರು ಹೊಟ್ಟೆ ಡಾಕ್ಟರು. ‘ಅದೂ ಆಗದಿದ್ದರೆ ಸೊಪ್ಪು, ಎಳ್ಳು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು’ ಎಂದರು ಮೂಳೆ ಡಾಕ್ಟರಮ್ಮ. ‘ಆದರೆ ಲೋಟಕ್ಕೆ ಮೂರು ಚಮಚ ಸಕ್ಕರೆ ಹಾಕುವವರು ಆಮೇಲೆ ಹಾಲನ್ನು ದೂರಬಾರದು.’ ‘ಆದರೆ ಬೆಣ್ಣೆ ತಿಂದು ಹಾಲು ಕುಡಿದೆನೆಂದು ತಿಳಿಯಬಾರದು.’ ಊಟದ ಹೊತ್ತಿಗೆ ಕಾಗದ ತುಂಬಿತು. ವಿಷಯ ತಿಳಿದು ಮಕ್ಕಳ ಡಾಕ್ಟರು ಓಡಿಬಂದು, ‘ಒಂದು ವರ್ಷದೊಳಗಿನ ಕೂಸುಗಳಿಗೆ ಈ ಗೋಡೆ ಅನ್ವಯಿಸುವುದಿಲ್ಲ’ ಎಂದು ಸೇರಿಸಿದರು. ಆಮೇಲೆ ಮೂತ್ರಪಿಂಡದವರು ಬಂದರು, ಚರ್ಮದವರು ಬಂದರು. ಹಲ್ಲಿನ ಡಾಕ್ಟರಿಗೆ ಹೇಳಲು ಏನೂ ಇರಲಿಲ್ಲ, ಆದರೂ ‘ಬಾಯಿ ಮುಕ್ಕಳಿಸಿ’ ಎಂದು ಬರೆಸಿದರು.

ಪೇಂಟರ್ ಮೊದಲು ಆ ಮೂರು ತಿಂಗಳ ಉಬ್ಬನ್ನು ಉಳಿಯಿಂದ ಕೆತ್ತಿ ತೆಗೆದು, ಗೋಡೆ ಸಮ ಮಾಡಿ, ಹೊಸದಾಗಿ ಹಾಲು ಬರೆದ. ಐದು ಗುಳ್ಳೆ ಇಟ್ಟ. ನಂತರ ವಾಕ್ಯ ಶುರು ಮಾಡಿದ. ಅದು ತಟ್ಟೆಯ ಪಕ್ಕದಿಂದ ಹೊರಟು ಎಕ್ಸ್-ರೇ ಕೋಣೆ ದಾಟಿ, ಔಷಧಿ ಕಿಟಕಿಯ ಕೆಳಗೆ ಬಗ್ಗಿ, ಮೆಟ್ಟಿಲ ಪಕ್ಕ ಇಳಿದು, ಹೊರಬಾಗಿಲಿಗೆ ಬಂತು. ಆಗಲೂ ಮುಗಿಯಲಿಲ್ಲ. ವಾರಕ್ಕೊಂದು ತಿದ್ದುಪಡಿ ಬರುತ್ತಿತ್ತು. ಪ್ರತಿ ತಿದ್ದುಪಡಿಯೂ ‘ಆದರೆ’ ಎಂದೇ ಶುರುವಾಗುತ್ತಿತ್ತು. ಪೇಂಟರ್ ‘ಆದರೆ’ಯನ್ನು ಅಷ್ಟು ಸಲ ಬರೆದನೆಂದರೆ, ಅವನ ‘ಆದರೆ’ಯಷ್ಟು ದುಂಡಗಿನ ‘ಆದರೆ’ ಊರಿನಲ್ಲಿ ಬೇರೆ ಯಾರ ಕೈಯಿಂದಲೂ ಬರುತ್ತಿರಲಿಲ್ಲ.

ಜನ ನಿಂತು ನೋಡುತ್ತಿರಲಿಲ್ಲ, ನಡೆಯುತ್ತಾ ಓದುತ್ತಿದ್ದರು. ಮೂಳೆ ಡಾಕ್ಟರಮ್ಮ ಮಂಡಿನೋವಿನವರಿಗೆ ‘ದಿನಕ್ಕೊಮ್ಮೆ ಗೋಡೆ, ಪೂರ್ತಿ’ ಎಂದು ಚೀಟಿ ಬರೆದುಕೊಡತೊಡಗಿದರು. ಮಧ್ಯಾಹ್ನ ಅವರು ಹೊಟ್ಟೆ ಡಾಕ್ಟರ ಡಬ್ಬಿಯಿಂದ ಎರಡು ಚಮಚ ಮೊಸರು ತೆಗೆದುಕೊಳ್ಳುವುದನ್ನು ಪೇಂಟರ್ ಕಂಡ. ಎಂಟನೆಯ ದಿನ ಅದು ಮೂರು ಚಮಚವಾಯಿತು.

ವಾಕ್ಯ ಕಾಂಪೌಂಡಿನ ಹೊರಗೋಡೆಗೆ ಬಂದು ಸೈಕಲ್ ನಿಲ್ಲಿಸುವ ಜಾಗದ ಹತ್ತಿರ ತಲುಪಿದ ದಿನ, ಊರುಗೋಲಿನ ತಾತನೊಬ್ಬ ಒಂದೊಂದೇ ಅಕ್ಷರ ಓದುತ್ತಾ ಬಂದು ಪೇಂಟರ್‌ನ ಬೆನ್ನ ಹಿಂದೆ ನಿಂತ. ಹಸಿ ಬಣ್ಣದ ಕೊನೆಯ ‘ಆದರೆ’ವರೆಗೆ ಓದಿ, ಉಸಿರು ಬಿಟ್ಟು ಕೇಳಿದ:

“ಮುಂದೆ?”

“ಮುಂದಿನದು ಇನ್ನೂ ಬಂದಿಲ್ಲ ತಾತ. ಡಾಕ್ಟರು ಯೋಚನೆ ಮಾಡ್ತಿದ್ದಾರೆ.”

“ಬೆಳಗ್ಗೆ ಎಂಟಕ್ಕೆ ಹೊರಟವನು ನಾನು. ಈಗ ಹೇಳು ನೋಡೋಣ, ನಾನು ಹಾಲು ಕುಡೀಬೇಕೋ ಬೇಡವೋ?”

“ಕುಡಿದ್ರೆ ಏನಾದ್ರೂ ತೊಂದರೆ ಆಗುತ್ತಾ?”

“ಎಪ್ಪತ್ತೆಂಟು ವರ್ಷದಿಂದ ಕುಡೀತಿದ್ದೀನಿ. ಏನೂ ಆಗಿಲ್ಲ.”

“ಇಷ್ಟ ಉಂಟಾ?”

“ಬಹಳ.”

“ಹಾಗಾದ್ರೆ ಕುಡೀರಿ ತಾತ.”

ತಾತ ಆ ಉದ್ದದ ಗೋಡೆಯನ್ನು, ತಾನು ನಡೆದುಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಿದ.

“ಇದನ್ನೇ ಅಲ್ಲಿ ಬಾಗಿಲಲ್ಲೇ ಹೇಳಿದ್ರೆ ಆಗ್ತಿರಲಿಲ್ವೇನಯ್ಯಾ?”

“ಆಗ ನಿಮ್ಮನ್ನ ಕೇಳೋಕೆ ಅಲ್ಲಿ ಯಾರೂ ಇರಲಿಲ್ಲ ತಾತ. ಕೂತ್ಕೊಳ್ಳಿ, ಸುಸ್ತಾಗಿರುತ್ತೆ,” ಎಂದು ಪೇಂಟರ್ ತಾನು ನಿಂತಿದ್ದ ಸ್ಟೂಲನ್ನು ನೆರಳಿಗೆ ಎಳೆದುಕೊಟ್ಟು, ಬಾಟಲಿಯ ನೀರು ಮುಂದೆ ಹಿಡಿದ. ತಾತ ಕೂತು ನೀರು ಕುಡಿದ. ಒಳಗಿನಿಂದ ನರ್ಸ್ ಹೊಸ ಚೀಟಿಯೊಂದನ್ನು ಗಾಳಿಯಲ್ಲಿ ಆಡಿಸುತ್ತಾ ಬರುತ್ತಿದ್ದಳು.